ರಾತ್ರಿ ಹತ್ತೂವರೆ ಮೇಲೆ ಯಾರನ್ನು ಕೇಳೋದು?

ಮಾವನಿಗೆ ಮೂತ್ರ ಕಟ್ಟಿದೆ ಅಂತ ನನಗೆ ಗೊತ್ತಾಗಿದ್ದು ರಾತ್ರಿ ಹತ್ತೂವರೆಗೆ. ಅವರಿಗೆ ಗೊತ್ತಾಗಿದ್ದು ಸಂಜೆ ಐದಕ್ಕೆ. ನಡುವೆ ಅವರು ಜಗಲಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಜಗಲಿಗೆ ಓಡಾಡುತ್ತಲೇ ಇದ್ದರು. ಮಳೆಗಾಲದಲ್ಲಿ ವಯಸ್ಸಾದವರು ಹಾಗೆ ಓಡಾಡುವುದು ಹೊಸದಲ್ಲ. ಯಾರೂ ತಲೆ ಎತ್ತಿ ನೋಡಲಿಲ್ಲ.

ಸೊಸೆ ಹತ್ತಿರ ಹೇಳಿಕೊಳ್ಳುವ ವಿಷಯವೂ ಅಲ್ಲ ಅದು. ಅತ್ತೆಗೆ ಹೇಳಿದ್ದರು. ಅತ್ತೆ ಮೊದಲು ಜೀರಿಗೆ ಕಷಾಯ ಕೊಟ್ಟರು. ಆಮೇಲೆ ಬಾರ್ಲಿ ನೀರು. ಆಮೇಲೆ ಎಳನೀರು. ಉರಿಮೂತ್ರಕ್ಕೆ ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಆದರೆ ಇದು ಉರಿಮೂತ್ರ ಅಲ್ಲ. ಹೊರಗೆ ಹೋಗುವ ದಾರಿಯೇ ಮುಚ್ಚಿದಾಗ, ಕುಡಿದದ್ದೆಲ್ಲ ಒಳಗೇ ತುಂಬಿಕೊಳ್ಳುತ್ತದೆ.

ಕೊನೆಗೆ ಅತ್ತೆಯೇ ಬಂದು ನನ್ನ ಕೋಣೆಯ ಬಾಗಿಲು ತಟ್ಟಿದರು. "ಇವ್ರಿಗೆ ಒಂದಕ್ಕೆ ಹೋಗಕ್ಕೇ ಆಗ್ತಾ ಇಲ್ಲ ಕಣೆ. ಕೆಳಹೊಟ್ಟೆ ಕಲ್ಲಾಗಿದೆ."

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ, ತೋಟದ ತಲೆಯಲ್ಲಿ. ಡಾಂಬರು ರಸ್ತೆ ಮುಟ್ಟಲು ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಅದಕ್ಕೊಂದು ಮೋರಿ. ಯಜಮಾನರಿಗೆ ಬೆಂಗಳೂರಲ್ಲಿ ಕೆಲಸ. ಇಲ್ಲಿ ನಾನು, ಅತ್ತೆ, ಮಾವ, ಎರಡನೇ ಕ್ಲಾಸಿನ ಮಗಳು. ಅವತ್ತು ಮಧ್ಯಾಹ್ನದಿಂದಲೇ ಕರೆಂಟ್ ಇರಲಿಲ್ಲ. ಇನ್ವರ್ಟರ್ ಕೂಗಿ ಕೂಗಿ ಸುಮ್ಮನಾಗಿತ್ತು. ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ.

ಮಾವ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಬೇಸಿಗೆಯಲ್ಲೂ ಬೆವರದ ಮನುಷ್ಯ, ಹಣೆಯೆಲ್ಲ ಒದ್ದೆ. ನನ್ನನ್ನು ನೋಡಿ ಕಂಬಳಿ ಎಳೆದುಕೊಂಡರು. "ಎಂಥದೂ ಆಗಲ್ಲ, ನೀನು ಹೋಗಿ ಮಲಗು. ಬೆಳಿಗ್ಗೆ ನೋಡೋಣ. ಈ ಮಳೇಲಿ ಯಾರನ್ನ ಎಬ್ಸಕ್ಕೆ ಹೋಗ್ತೀಯ?"

ಈ "ಬೆಳಿಗ್ಗೆ ನೋಡೋಣ" ಅನ್ನುವುದು ಬರೀ ಸೋಮಾರಿತನ ಅಲ್ಲ, ಧೈರ್ಯವೂ ಅಲ್ಲ. ಅದರೊಳಗೆ ದೊಡ್ಡ ಲೆಕ್ಕವೇ ಇರುತ್ತದೆ. ಗಾಡಿ ಯಾರದ್ದು, ಓಡಿಸುವವನು ಕುಡಿದಿದ್ದಾನೋ ಇಲ್ಲವೋ, ಮೋರಿ ಮೇಲೆ ನೀರು ಬಂದಿದೆಯೋ, ಬೆಳಿಗ್ಗೆ ಹಾಲು ಕರೆಯುವವರು ಯಾರು, ಕೈಯಲ್ಲಿ ಎಷ್ಟು ದುಡ್ಡಿದೆ. ಎಲ್ಲದರ ಕೆಳಗೆ ಇನ್ನೊಂದು ಅಳುಕು. ಅಷ್ಟೆಲ್ಲ ಮಾಡಿ ಹೋದ ಮೇಲೆ ಏನೂ ಇಲ್ಲ ಅಂತಾದರೆ? "ಇಷ್ಟಕ್ಕೆಲ್ಲ ರಾತ್ರಿ ಬಂದ್ರಾ?" ಅಂತ ಅಲ್ಲಿ ಯಾರಾದರೂ ಕೇಳಿದರೆ? ನಮ್ಮ ಮಾವನಂಥವರಿಗೆ ಕಾಯಿಲೆಗಿಂತ ಆ ಒಂದು ಮಾತಿನ ಹೆದರಿಕೆ ಜಾಸ್ತಿ.

ಇದೇ ಲೆಕ್ಕ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಯಾರಿಗಾದರೂ ಜೋರು ಜ್ವರ ಬಂದರೆ "ಬೆಳಿಗ್ಗೆ ನೋಡೋಣ" ಅನ್ನುವ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ಮಂಗನ ಕಾಯಿಲೆಯ ಭಯ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ್ದು ಅದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆ ಕಾಲದಲ್ಲಿ ಆಶಾ ಅಕ್ಕ ಈ ಕಾಯಿಲೆ ಹರಡುವ ಉಣ್ಣೆ ಹುಳ ಹತ್ತದ ಹಾಗೆ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತಾರೆ, ಜ್ವರ ಬಂದರೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ರಕ್ತ ಬರುವ ಅಪಾಯ ಇದೆ ಅಂತ ಮನೆ ಮನೆಗೆ ಬಂದು ಹೇಳುತ್ತಾರೆ. ಜ್ವರದ ಬಗ್ಗೆ ನಮಗೆ ಇಷ್ಟು ಪಾಠ ಆಗಿದೆ. ಮೂತ್ರ ಕಟ್ಟಿದರೆ ಏನು ಮಾಡಬೇಕು ಅಂತ ಯಾರೂ ಯಾವತ್ತೂ ಹೇಳಿಲ್ಲ.

ಫೋನ್ ಮಾಡೋಣ ಅಂದರೆ ವೈಫೈ ಸತ್ತಿತ್ತು. ಮೊಬೈಲ್ ಸಿಗ್ನಲ್ ಸಿಗುವುದು ಕೊಟ್ಟಿಗೆ ಹಿಂದಿನ ದರೆ, ಅಂದರೆ ಮಣ್ಣಿನ ದಿಬ್ಬದ ಮೇಲೆ. ಒಂದು ಕೈಯಲ್ಲಿ ಛತ್ರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಹತ್ತಿದೆ. ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದು ಆಸ್ಪತ್ರೆಯಲ್ಲಿ ಲೈಟಿನ ಕೆಳಗೆ ಕೂತಾಗಲೇ ಗೊತ್ತಾಗಿದ್ದು.

ಮೊದಲು ಯಜಮಾನರಿಗೆ ಹಚ್ಚಿದೆ. ಅವರು ನಾನು ಮಾತು ಮುಗಿಸುವ ಮೊದಲೇ ಗೂಗಲ್ ಮಾಡಿ "ಕಿಡ್ನಿ ಫೇಲ್ ಆಗಿರಬಹುದಾ?" ಅಂದರು. ಬೆಂಗಳೂರಿನಿಂದ ಗಾಬರಿ ಮಾತ್ರ ಬಂತು.

ಮಗಳ ತಾಯಿ ಕಾರ್ಡಿನ ಹಿಂದೆ ನಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರು ತಮ್ಮ ನಂಬರ್ ಬರೆದುಕೊಟ್ಟಿದ್ದರು, ಚುಚ್ಚುಮದ್ದು ಹಾಕಿಸುವ ಕಾಲದಲ್ಲಿ. ಅದನ್ನು ಆಗಲೇ ಫೋನಿಗೆ ಹಾಕಿಟ್ಟುಕೊಂಡಿದ್ದೆ. ಹಚ್ಚಿದೆ. ಅವತ್ತು ಅವರದೇ ನೈಟ್ ಡ್ಯೂಟಿ. ಎತ್ತಿದರು.

ಆ ಫೋನಿನಲ್ಲಿ ನಡೆದ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ರಾತ್ರಿ ನಡೆದ ಎಲ್ಲದರಲ್ಲಿ ನಿಜವಾದ ವೈದ್ಯಕೀಯ ಕೆಲಸ ಶುರುವಾದದ್ದು ಅಲ್ಲಿಂದ ಅಂತ ನನ್ನ ಅಭಿಪ್ರಾಯ.

ಅವರು ಸಮಾಧಾನ ಹೇಳಲಿಲ್ಲ. ಪ್ರಶ್ನೆ ಕೇಳಿದರು. "ಎಷ್ಟು ಹೊತ್ತಿಂದ? ಹನಿಯೂ ಇಲ್ವಾ, ತೊಟ್ಟು ತೊಟ್ಟು ಬರ್ತಾ ಇದ್ಯಾ? ಹೋಗ್ಬೇಕು ಅಂತ ಅನ್ಸತ್ತಂತಾ, ಅನ್ಸೋದೇ ಇಲ್ವಂತಾ?" ಈ ಪ್ರಶ್ನೆ ಯಾಕೆ ಅಂತ ಆಗ ತಿಳಿಯಲಿಲ್ಲ. ಮೂತ್ರವೇ ತಯಾರಾಗದೆ ಇರುವುದು ಬೇರೆ, ತಯಾರಾಗಿ ಹೊರಗೆ ಬಾರದೆ ಇರುವುದು ಬೇರೆ. ಮೊದಲನೆಯದು ಕಿಡ್ನಿ ಕಡೆ ತೊಂದರೆ, ಎರಡನೆಯದು ಕೆಳಗಿನ ದಾರಿಯದ್ದು. "ಹೊಕ್ಕಳ ಕೆಳಗೆ ಉಬ್ಬಿದ್ಯಾ? ಒತ್ತಿದ್ರೆ ನೋವಾ? ಜ್ವರ? ರಕ್ತ ಬಂತಾ? ಶುಗರ್ ಇದ್ಯಾ?" ಆಮೇಲೆ ವಿಚಿತ್ರ ಅನ್ನಿಸುವ ಒಂದು ಪ್ರಶ್ನೆ: "ಕಾಲಲ್ಲಿ ಬಲ ಇದ್ಯಾ? ಜೋಮು ಹಿಡಿದಿಲ್ವಾ?" ಬೆನ್ನುಮೂಳೆಯ ನರ ಒತ್ತಿಕೊಂಡರೂ ಹೀಗೆ ಮೂತ್ರ ಕಟ್ಟುತ್ತದಂತೆ. ಹಾಗಿದ್ದರೆ ದಾರಿಯೇ ಬೇರೆ, ಅವಸರವೇ ಬೇರೆ.

ನಾನು ದರೆ ಮೇಲಿಂದ ಕೂಗುವುದು, ಅತ್ತೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋಗುವುದು, ಮಾವ ಗೊಣಗುವುದು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುವುದು. ಮುಚ್ಚಿಡುವ ವಿಷಯ ಹೋಗಿ ಅರ್ಧ ಕೇರಿಗೆ ಕೇಳಿಸುವ ಹಾಗಾಯ್ತು.

ಕೊನೆಗೆ ಸಿಸ್ಟರ್ ಹೇಳಿದರು: "ಇದು ಬೆಳಿಗ್ಗೆವರೆಗೆ ಬೇಡ. ಇನ್ನು ಒಂದು ಗುಟುಕೂ ನೀರು ಕೊಡ್ಬೇಡಿ. ಇಲ್ಲಿಗೆ ಬರ್ಬೇಡಿ, ಸುಮ್ನೆ ಟೈಮ್ ಹಾಳು. ಡಾಕ್ಟ್ರು ಇಲ್ಲ, ನಾನು ಹೆರಿಗೆ ಕೇಸ್ ಬಿಟ್ಟು ಏಳೋ ಹಾಗಿಲ್ಲ. ಸೀದಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮೂತ್ರಕ್ಕೆ ಪೈಪ್ ಹಾಕಿದ್ರೆ ಐದು ನಿಮಿಷದ ಕೆಲ್ಸ. ಹೆದರ್ಬೇಡಿ."

"ಇಲ್ಲಿಗೆ ಬರ್ಬೇಡಿ" ಅನ್ನುವ ಮಾತು ಅವತ್ತು ನಮಗೆ ಎಷ್ಟು ಉಪಕಾರ ಮಾಡಿತು ಅಂತ ಹೇಳಲಾರೆ. ಅದೊಂದು ಗೊತ್ತಿಲ್ಲದಿದ್ದರೆ ನಾವು ಹೋಗುತ್ತಿದ್ದುದು ಹತ್ತಿರದ ಆರೋಗ್ಯ ಕೇಂದ್ರಕ್ಕೇ. ಅದು ಇರುವುದು ಆಸ್ಪತ್ರೆಗೆ ವಿರುದ್ಧ ದಿಕ್ಕಿನಲ್ಲಿ.

ಆರೋಗ್ಯ ಕೇಂದ್ರಗಳನ್ನು ಬೈಯುವುದು ಸುಲಭ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು, ಮಲೆನಾಡಿನಂಥ ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಅನ್ನುವುದು ಸರ್ಕಾರದ ಲೆಕ್ಕ. ಲೆಕ್ಕದಲ್ಲಿ ಗುಡ್ಡಕ್ಕೆ ರಿಯಾಯಿತಿ ಇದೆ, ಹಳ್ಳಕ್ಕೆ ಇಲ್ಲ. ಹೆಚ್ಚಿನ ಕಡೆ ಇರುವುದು ಒಬ್ಬರೇ ಡಾಕ್ಟರು. ಹಗಲೆಲ್ಲ ಓಪಿಡಿ, ಮೀಟಿಂಗು, ರಿಪೋರ್ಟು ಮಾಡಿದ ಒಬ್ಬ ಮನುಷ್ಯ ರಾತ್ರಿಯೂ ಎಚ್ಚರ ಇರಬೇಕು ಅನ್ನುವುದು ನ್ಯಾಯ ಅಲ್ಲ. 24 ಗಂಟೆ ಕೇಂದ್ರ ಅಂದರೆ ಬಹುಪಾಲು ಹೆರಿಗೆಗೆ ಅಂತ, ಪಾಳಿಯಲ್ಲಿ ಸಿಸ್ಟರ್ ಇರುತ್ತಾರೆ ಅಂತ. ಅದು ಒಳಗಿನವರಿಗೆ ಗೊತ್ತು. ಹೊರಗಿನ ಬೋರ್ಡು ನೋಡುವ ನಮಗೆ ಗೊತ್ತಿಲ್ಲ. ನನ್ನ ತಕರಾರು ಇರುವುದು ಬೋರ್ಡಿನ ಮೇಲೆ. ರಾತ್ರಿ ಇಲ್ಲಿ ಏನು ಸಿಗುತ್ತದೆ, ಏನು ಸಿಗಲ್ಲ ಅಂತ ಎರಡು ಸಾಲು ಬರೆದರೆ ಎಷ್ಟೋ ಗಾಡಿ ಸರಿಯಾದ ದಿಕ್ಕಿಗೆ ತಿರುಗುತ್ತವೆ.

108ಕ್ಕೆ ಮಾಡಿದೆ. ಮಾತಾಡಿದ ಹುಡುಗಿ ತಾಳ್ಮೆಯಿಂದ ತಾಲ್ಲೂಕು, ಗ್ರಾಮ, ಹತ್ತಿರದ ಗುರುತು ಎಲ್ಲ ಕೇಳಿದಳು. ಹತ್ತಿರದ ಗಾಡಿ ಹೆರಿಗೆ ಕೇಸ್ ತಗೊಂಡು ಶಿವಮೊಗ್ಗಕ್ಕೆ ಹೋಗಿದೆ, ಇನ್ನೊಂದು ಬರಲು ಒಂದು ಗಂಟೆ ಮೇಲಾಗುತ್ತದೆ ಅಂದಳು. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಬಸುರಿಗೆ ಗಾಡಿ ನಮಗಿಂತ ಜಾಸ್ತಿ ಬೇಕಿತ್ತು. 2008ರಲ್ಲಿ ಈ 108 ಬರುವ ಮೊದಲು ನಮ್ಮೂರಲ್ಲಿ ಕುರ್ಚಿಗೆ ಬಿದಿರು ಕಟ್ಟಿ ಹೊತ್ತುಕೊಂಡು ರಸ್ತೆಗೆ ತರುತ್ತಿದ್ದರು, ಅಲ್ಲಿಂದ ಲಾರಿ ಸಿಕ್ಕರೆ ಲಾರಿ. ಹೊತ್ತವರಲ್ಲಿ ಮಾವನೂ ಒಬ್ಬರು.

ಓಮ್ನಿ ಇಟ್ಟುಕೊಂಡ ಹುಡುಗ ಒಬ್ಬ ಮೇಲಿನ ಕೇರಿಯಲ್ಲಿದ್ದಾನೆ. ಫೋನ್ ಮಾಡಿದ ಕಾಲು ಗಂಟೆಗೆ ಬಂದ. ಮಗಳನ್ನು ಪಕ್ಕದ ಮನೆ ಅಕ್ಕ ಬಂದು ತಮ್ಮ ಮನೆಗೆ ಎತ್ತಿಕೊಂಡು ಹೋದರು. ಮಾವ ಅಷ್ಟು ನೋವಿನಲ್ಲೂ ಒಗೆದ ಪಂಚೆ ಉಟ್ಟು, ಶರ್ಟಿನ ಗುಂಡಿ ಕುತ್ತಿಗೆವರೆಗೆ ಹಾಕಿಕೊಂಡೇ ಹೊರಟರು.

ಮಳೆಗಾಲದಲ್ಲಿ ಇಲ್ಲಿ ಗಾಡಿಯಲ್ಲಿ ಜಾಕಿ ಇರಲಿ ಇಲ್ಲದಿರಲಿ, ಕತ್ತಿ ಇರುತ್ತದೆ. ಮುಖ್ಯ ರಸ್ತೆಗೆ ಬರುವ ಮೊದಲೇ ಅದು ಕೆಲಸಕ್ಕೆ ಬಂತು. ಬಿದಿರು ಮೆಳೆ ದಾರಿಗೆ ಅಡ್ಡ ಬಾಗಿ ಕೂತಿತ್ತು. ಹುಡುಗ ಹೆಡ್‌ಲೈಟ್ ಬೆಳಕಿನಲ್ಲಿ ಇಳಿದು ಒಂದೊಂದೇ ಗಳು ಕಡಿದ. ನಾನು ಎಳೆದು ಬದಿಗೆ ಹಾಕಿದೆ. ಗುಂಡಿ ಇಳಿದಾಗಲೆಲ್ಲ ಮಾವ ಸೀಟಿನ ಕಬ್ಬಿಣ ಹಿಡಿದು ಉಸಿರು ಕಟ್ಟುತ್ತಿದ್ದರು. ಬಾಯಿ ಮಾತ್ರ ಬಿಡಲಿಲ್ಲ.

ಪೇಟೆ ಹತ್ತಿರ ಬಂದಾಗ ಹುಡುಗ "ಅಕ್ಕ, ಸರ್ಕಾರಿ ಯಾಕೆ, ಇಲ್ಲೇ ಪ್ರೈವೇಟ್ ಇದೆ, ಬೇಗ ನೋಡ್ತಾರೆ" ಅಂದ. ಬೋರ್ಡಿನ ಮೇಲೆ ಕೆಂಪು ಲೈಟಲ್ಲಿ 24 ಗಂಟೆ ತುರ್ತು ಸೇವೆ ಅಂತ ಉರಿಯುತ್ತಿತ್ತು. ಗೇಟಿಗೆ ಬೀಗ. ಹಾರನ್ ಹೊಡೆದು ಹೊಡೆದು, ವಾಚ್‌ಮನ್ ಕಣ್ಣುಜ್ಜುತ್ತ ಬಂದು ಡಾಕ್ಟರು ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ ಅಂದ. ಹಾಗಾದರೆ ಈ ಲೈಟು ಯಾಕೆ ಮಾರಾಯ ಅಂತ ಕೇಳಿದೆ. "ಅದು ಆಟೋಮ್ಯಾಟಿಕ್ ಮೇಡಂ" ಅಂದ. ಅವನೇನು ಮಾಡುತ್ತಾನೆ, ಪಾಪ.

ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಾವ ಬಾಗಿಲಲ್ಲೇ ನಿಂತರು. ನನ್ನ ಕಡೆ ತಿರುಗಿ ಪಿಸುಮಾತಲ್ಲಿ, "ಗಂಡಸು ಡಾಕ್ಟ್ರು ಇಲ್ವಂತಾ ಕೇಳೆ" ಅಂದರು.

ಡಾಕ್ಟರಮ್ಮನಿಗೆ ಕೇಳಿಸಿತು. "ಇಲ್ಲ ಅಜ್ಜ, ಈ ರಾತ್ರಿ ನಾನೇ. ಬ್ರದರ್ ಇದಾರೆ, ಪೈಪ್ ಅವ್ರೇ ಹಾಕ್ತಾರೆ. ನಾನು ಈ ಕಡೆ ನಿಂತು ಹೇಳ್ತೀನಿ. ಆಗ್ಬಹುದಾ?" ಅಂದರು. ಮಾವ ಒಳಗೆ ಹೋದರು. ಅಷ್ಟು ಹೇಳಲು ಅವರಿಗೆ ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಇಲ್ಲದೆ ಎಷ್ಟೋ ಜನ ಬಾಗಿಲಿಂದ ವಾಪಸ್ ಹೋಗುತ್ತಾರೆ ಅಂತ ನನಗೆ ಆಮೇಲೆ ಅನ್ನಿಸಿತು.

ಹಸಿರು ಪರದೆ ಎಳೆದರು. ಪರದೆ ಕೆಳಗೆ ಬ್ರದರಿನ ಚಪ್ಪಲಿ, ಸ್ಟೀಲ್ ಟ್ರೇ ಇಟ್ಟ ಸ್ಟ್ಯಾಂಡಿನ ಗಾಲಿ ಕಾಣುತ್ತಿತ್ತು. "ಜೆಲ್ಲಿ ಹಾಕ್ತೀನಿ ಅಜ್ಜ, ತಣ್ಣಗಾಗತ್ತೆ, ಒಂದೆರಡು ನಿಮಿಷ ಬಿಡ್ಬೇಕು, ಆಗ ಮರಗಟ್ಟತ್ತೆ." "ಉದ್ದಕ್ಕೆ ಉಸಿರು ಬಿಡಿ." ಡಾಕ್ಟರು ಈಚೆ ನಿಂತು, ಮೂತ್ರ ಬಂದ ಮೇಲೆಯೇ ಬಲೂನಿಗೆ ನೀರು ಹಾಕಿ, ಮೊದಲೇ ಹಾಕಬೇಡಿ ಅಂತ ನೆನಪಿಸಿದರು. ಒಳಗೆ ಹೋದ ಪೈಪಿನ ತುದಿಯಲ್ಲಿ ಪುಟ್ಟ ಬಲೂನ್ ಇರುತ್ತದೆ, ಸಿರಿಂಜಿನಲ್ಲಿ 10 ಎಂ.ಎಲ್. ನೀರು ತುಂಬಿಸಿದರೆ ಅದು ಉಬ್ಬಿ ಪೈಪ್ ಜಾರದ ಹಾಗೆ ಹಿಡಿದುಕೊಳ್ಳುತ್ತದೆ. ಪೈಪ್ ಸರಿಯಾದ ಜಾಗ ಮುಟ್ಟುವ ಮೊದಲೇ ಉಬ್ಬಿಸಿದರೆ ದಾರಿಯೇ ಹರಿದುಹೋಗಬಹುದು. ಐದು ನಿಮಿಷದ ಕೆಲಸವೇ, ಆದರೆ ಕೈ ಗೊತ್ತಿರಬೇಕು.

ಮಂಚಕ್ಕೆ ತೂಗುಹಾಕಿದ್ದ ಚೀಲಕ್ಕೆ ಮೂತ್ರ ಇಳಿಯತೊಡಗಿತು. ಚೀಲದ ಮೇಲೆ ಗೆರೆ ಗೆರೆ ಗುರುತು ಇರುತ್ತದಲ್ಲ, ಅದು 500 ದಾಟಿತು, 700 ದಾಟಿತು, 900ರ ಹತ್ತಿರ ಹೋಗಿ ನಿಧಾನವಾಯಿತು. ಸಾಮಾನ್ಯವಾಗಿ 400, 500 ಎಂ.ಎಲ್. ತುಂಬುವಷ್ಟರಲ್ಲಿ ಯಾರಿಗಾದರೂ ತಡೆಯಲು ಕಷ್ಟ ಆಗುತ್ತದೆ. ಪರದೆ ಹಿಂದಿನಿಂದ ಮಾವನ ದನಿ ಬಂತು. "ಏ, ಕ್ಯಾಂಟೀನ್ ತೆಗೆದಿದ್ಯಾ ನೋಡೆ. ಹಸಿವಾಗ್ತಿದೆ."

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಈ ಎರಡು ದಿನದಲ್ಲಿ ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡಿದಾರಾ?"

ಅತ್ತೆಗೆ ನೆನಪಿತ್ತು. ನೆಗಡಿ ಅಂತ ಪೇಟೆಗೆ ಹೋದಾಗ ಅಂಗಡಿಯಿಂದ ತಂದ ಮಾತ್ರೆ. ಸಾಲದ್ದಕ್ಕೆ ಮಾವ ಅದರ ಶೀಟನ್ನು ಶರ್ಟಿನ ಜೇಬಲ್ಲೇ ಇಟ್ಟುಕೊಂಡಿದ್ದರು. ಡಾಕ್ಟರು ಟಾರ್ಚ್ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದರು. ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್. ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ ಮಾತ್ರೆ. ಮೂಗು ಸೋರುವುದನ್ನು ನಿಲ್ಲಿಸುವ ಔಷಧಿ ಮೂತ್ರಚೀಲ ಹಿಂಡಿಕೊಳ್ಳುವ ಬಲವನ್ನೂ ಕಡಿಮೆ ಮಾಡುತ್ತದೆ. ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ ಅದರ ಬಾಯಿಯನ್ನು ಬಿಗಿ ಮಾಡುತ್ತದೆ. ಹುಡುಗರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗಲ್ಲ. ಗಂಡಸರಿಗೆ ಮೂತ್ರಚೀಲದ ಕೆಳಗೆ ಇರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೊದಲೇ ದಾರಿ ಇಕ್ಕಟ್ಟಾದ ಮುದುಕರಿಗೆ ಇಷ್ಟು ಸಾಕು. ಮಾವನಿಗೆ ರಾತ್ರಿ ಎರಡು ಮೂರು ಸಲ ಏಳುವುದು, ಧಾರೆ ಸಣ್ಣಗಾಗಿದ್ದು ವರ್ಷಗಳಿಂದ ಇತ್ತಂತೆ. ಅದೂ ಹೇಳುವ ವಿಷಯ ಅಲ್ಲ, ಅಲ್ವಾ?

ಬೆಳಗಾಗುವವರೆಗೆ ಅಲ್ಲೇ ಇರಲು ಹೇಳಿದರು. ಬೆಂಚಿನ ಮೇಲೆ ಕೂತು ಅತ್ತೆ ತಮ್ಮ ತವರಿನ ಕಥೆ ತೆಗೆದರು. ಅವರದ್ದು ಸಾಗರದ ಆಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಹಿನ್ನೀರಿನ ಆಚೆ ಉಳಿದುಹೋದ ಊರುಗಳು. ಸಂಜೆ ಕೊನೆ ಲಾಂಚ್ ಹೋದ ಮೇಲೆ ಆ ಕಡೆಯವರಿಗೆ ಸಾಗರ ಅಂದರೆ ನಿಟ್ಟೂರು, ನಗರ, ಹೊಸನಗರ ಎಲ್ಲ ಸುತ್ತಿ ಬರಬೇಕಾದ ಊರಾಗಿತ್ತು. ಹೊಟ್ಟೆನೋವು ಬಂದರೂ ಲಾಂಚಿನ ಟೈಮ್ ನೋಡಿಕೊಂಡೇ ಹೇಳುತ್ತಿದ್ದರಂತೆ. 2025ರ ಜುಲೈ 14ಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆ ಆಯಿತು. ಪೇಪರಿನಲ್ಲಿ ಎಲ್ಲರೂ ಸಿಗಂದೂರಿಗೆ ಹೋಗುವ ಭಕ್ತರ ಬಗ್ಗೆ ಬರೆದರು. ಅತ್ತೆಯ ತಮ್ಮ ಮಾತ್ರ ಫೋನ್ ಮಾಡಿ, "ಅಕ್ಕಾ, ಇನ್ನು ನಮ್ಗೂ ರಾತ್ರಿ ಕಾಯಿಲೆ ಬರ್ಬಹುದು" ಅಂದಿದ್ದರು.

ಮುಂದಿನದ್ದು ಹಗಲಿನ ಚಿಕಿತ್ಸೆ, ಬೇಗ ಹೇಳಿ ಮುಗಿಸುತ್ತೇನೆ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಚೆನ್ನಾಗಿತ್ತು. ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ಪ್ರಾಸ್ಟೇಟ್ ದೊಡ್ಡದಾಗಿತ್ತು. ಅಲ್ಲಿನ ಡಾಕ್ಟರು ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ನೋಡುವ ಪಿ.ಎಸ್.ಎ. ರಕ್ತ ಪರೀಕ್ಷೆ ಈಗ ಬೇಡ, ಪೈಪ್ ಇರುವಾಗ ಅದು ಸುಮ್ಮನೆ ಏರಿರುತ್ತದೆ ಅಂದರು. ಟ್ಯಾಮ್ಸುಲೋಸಿನ್ ಮಾತ್ರೆ ಬರೆದರು, ರಾತ್ರಿ ಊಟದ ಮೇಲೆ ಒಂದು. ಮೂತ್ರಚೀಲದ ಬಾಯಿಯ ಬಿಗಿಯನ್ನು ಸಡಿಲ ಮಾಡುವ ಮಾತ್ರೆ ಅದು. ಏಳುವಾಗ ತಲೆ ಸುತ್ತಬಹುದು, ಮಂಚದಲ್ಲಿ ಸ್ವಲ್ಪ ಕೂತು ಆಮೇಲೆ ಏಳಬೇಕು. ಕೆಲವು ದಿನ ಪೈಪ್ ಇರಲಿ, ತೆಗೆದು ನೋಡೋಣ, ತಾನಾಗಿ ಹೋದರೆ ಸರಿ, ಇಲ್ಲದಿದ್ದರೆ ಆಪರೇಷನ್ ಅಂದರು. ತೆಗೆದರು. ಹೋಯಿತು. ಮಾವ ಮನೆಗೆ ಬಂದು ಆ ಸಂತೋಷಕ್ಕೆ ಪಾಯಸ ಮಾಡಿಸಿದರು. ಯಾಕೆ ಅಂತ ಬಂದವರಿಗೆ ಮಾತ್ರ ಹೇಳಲಿಲ್ಲ.

ಪೈಪ್ ಇದ್ದ ದಿನಗಳಲ್ಲಿ ಒಂದು ಭಾನುವಾರ ರಾತ್ರಿ ಮತ್ತೆ ಗಾಬರಿ. ಚೀಲ ಖಾಲಿ. ಪೈಪಿನ ಪಕ್ಕದಿಂದ ಒದ್ದೆ. ಮಾವ ಮತ್ತೆ ಮುಂದಕ್ಕೆ ಬಾಗಿ ಕೂತರು. ಅದೇ ದರೆ, ಅದೇ ಛತ್ರಿ. ಸಿಸ್ಟರಿಗೆ ಅವತ್ತು ಡ್ಯೂಟಿ ಇರಲಿಲ್ಲ, ಮನೆಯಲ್ಲಿ ಊಟ ಮಾಡುತ್ತಿದ್ದರು. ಆದರೂ ಎತ್ತಿದರು.

"ಪೈಪ್ ತೊಡೆ ಕೆಳಗೆ ಸಿಕ್ಕಾಕ್ಕೊಂಡಿದ್ಯಾ ನೋಡಿ. ಎಲ್ಲಾದ್ರೂ ಮಡಚಿದ್ಯಾ?" ಮಡಚಿತ್ತು. ಪಂಚೆಯ ಗಂಟಿನ ಒಳಗೆ ಪೂರ್ತಿ ಮುರಿದುಕೊಂಡಿತ್ತು. "ಚೀಲ ಎಲ್ಲಿಟ್ಟಿದೀರಿ?" ಮಾವ ಯಾರಿಗೂ ಕಾಣಬಾರದು ಅಂತ ಮಂಚದ ಮೇಲೆ, ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. "ಅಯ್ಯೋ, ಅದು ಯಾವಾಗ್ಲೂ ಕೆಳಗೆ ಇರ್ಬೇಕು ಅಜ್ಜಿ, ಮೇಲಿಟ್ರೆ ನೀರು ಹತ್ತತ್ತಾ?" ಸ್ಪೀಕರಿನಲ್ಲಿ ಕೇಳಿದ ಅತ್ತೆ ಅಂಥ ಹೊತ್ತಲ್ಲೂ ನಕ್ಕುಬಿಟ್ಟರು. ಪೈಪ್ ನೆಟ್ಟಗೆ ಮಾಡಿ ಚೀಲ ಕೆಳಗಿಟ್ಟೆವು. ಇಳಿಯಿತು. ಗಾಡಿ ಇಲ್ಲ, ಬಿದಿರು ಕಡಿಯುವುದಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಗಾಡಿ ಬಾಡಿಗೆಯೇ ಸಾವಿರಗಟ್ಟಲೆ ಆಗುತ್ತಿತ್ತು.

ನಾದಿನಿ ಇರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಅವಳಿಗೆ ಈ ಕಥೆ ಹೇಳಿದಾಗ ಅವಳ ಸಿಟ್ಟೇ ಬೇರೆ ಇತ್ತು. ಅಲ್ಲಿ ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ, ರಜಾದಿನಗಳಲ್ಲಿ ಇಡೀ ದಿನ, ಊರಿನ ಫ್ಯಾಮಿಲಿ ಡಾಕ್ಟರುಗಳೆಲ್ಲ ಸೇರಿ ಪಾಳಿಯಲ್ಲಿ ನಡೆಸುವ ಕೇಂದ್ರ ಇರುತ್ತದೆ. ಸೀದಾ ಹೋಗುವ ಹಾಗಿಲ್ಲ, ಮೊದಲು ಫೋನ್ ಮಾಡಬೇಕು. ಫೋನ್ ಎತ್ತುವವರು ಅದಕ್ಕೆಂದೇ ತರಬೇತಿ ಆದವರು. ಪ್ರಶ್ನೆ ಕೇಳಿ, ಅವಸರ ಎಷ್ಟು ಅಂತ ದರ್ಜೆ ಮಾಡುತ್ತಾರೆ. ಈಗಲೇ ಆಂಬುಲೆನ್ಸ್, ಇವತ್ತು ರಾತ್ರಿ ಬನ್ನಿ, ಡಾಕ್ಟರ್ ಫೋನ್ ಮಾಡುತ್ತಾರೆ, ಬೆಳಿಗ್ಗೆ ನಿಮ್ಮ ಡಾಕ್ಟರನ್ನು ನೋಡಿ, ಹೀಗೆ. ಕಿವಿನೋವು ಅಂತ ಇವಳು ಫೋನ್ ಮಾಡಿದರೆ, ಪ್ಯಾರಸಿಟಮಾಲ್ ತಗೊಂಡು ಬೆಳಿಗ್ಗೆ ನೋಡಿ ಅಂದರಂತೆ. "ಅಷ್ಟು ಹೇಳಕ್ಕೆ ಅವ್ರು ಯಾಕೆ ಬೇಕು ಅತ್ತಿಗೆ? ನಮ್ಮಮ್ಮ ಹೇಳಲ್ವಾ?"

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಬೆಳಿಗ್ಗೆವರೆಗೆ ಕಾಯಬಹುದು ಅಂತ ಗೊತ್ತಿರುವವರೊಬ್ಬರು ಕೇಳಿ, ತೂಗಿ ಹೇಳಿದ ಮೇಲೆ ಕಾಯುವುದಕ್ಕೂ, ಯಾರೂ ಹೇಳದೆ ಸುಮ್ಮನೆ ಕಾಯುವುದಕ್ಕೂ ತುಂಬ ವ್ಯತ್ಯಾಸ ಇದೆ. ನಮ್ಮಲ್ಲೂ 104 ಇದೆ, ಆರೋಗ್ಯ ಸಲಹೆಗೆ. ಹಗಲು ಹೊತ್ತಿನಲ್ಲಿ ಉಪಕೇಂದ್ರದಲ್ಲಿ ಕೂತು ಇ-ಸಂಜೀವಿನಿ ವಿಡಿಯೋದಲ್ಲಿ ದೊಡ್ಡ ಡಾಕ್ಟರ ಹತ್ತಿರ ಮಾತಾಡಿಸುತ್ತಾರೆ. ಅದನ್ನು ನಾನೂ ಮಗಳ ಚರ್ಮದ ತುರಿಕೆಗೆ ಬಳಸಿದ್ದೇನೆ, ಒಳ್ಳೆಯದೇ. ಆದರೆ ರಾತ್ರಿ ದರೆ ಹತ್ತಿದ ಮನುಷ್ಯನಿಗೆ ನೆನಪಾಗುವುದು ಮುಖ ಗೊತ್ತಿರುವವರ ನಂಬರೇ. ಈ ರಸ್ತೆ, ಈ ಮೋರಿ, ಯಾವ ಆಸ್ಪತ್ರೆಯಲ್ಲಿ ಈ ರಾತ್ರಿ ಯಾರಿದ್ದಾರೆ ಅಂತ ಗೊತ್ತಿರುವವರು ಬೇಕು. ದೂರದಲ್ಲಿ ಕೂತವರು ಕಾಯಿಲೆ ಗುರುತಿಸಬಹುದು. "ಇಲ್ಲಿಗೆ ಬರ್ಬೇಡಿ, ಅಲ್ಲಿಗೆ ಹೋಗಿ" ಅನ್ನಲು ಹತ್ತಿರದವರೇ ಆಗಬೇಕು.

ಆ ಸಿಸ್ಟರ್ ಮಾಡಿದ ಕೆಲಸ ಯಾವ ರಿಜಿಸ್ಟರಿನಲ್ಲೂ ಇಲ್ಲ. ಅದಕ್ಕೆ ಸಂಬಳವೂ ಇಲ್ಲ. ಅವರು ಫೋನ್ ಎತ್ತದೆ ಇದ್ದಿದ್ದರೂ ಯಾರೂ ಕೇಳುವ ಹಾಗಿರಲಿಲ್ಲ. ನಮ್ಮ ಕೇರಿಯಲ್ಲಿ ಈಗ ರಾತ್ರಿ ಯಾರಿಗೆ ಏನಾದರೂ ನನಗೆ ಫೋನ್ ಬರುತ್ತದೆ. ನಾನೇನು ಓದಿದವಳಲ್ಲ. ಆ ಸಿಸ್ಟರ್ ಕೇಳಿದ ಪ್ರಶ್ನೆಗಳನ್ನೇ ಕೇಳಿ, ಉತ್ತರವನ್ನು ಅವರಿಗೇ ದಾಟಿಸುತ್ತಿದ್ದೆ.

ಈ ಸಲ ಮಳೆ ಹಿಡಿಯುವ ಮೊದಲು ಅವರಿಗೆ ಬೇರೆ ತಾಲ್ಲೂಕಿಗೆ ವರ್ಗ ಆಯಿತು. ಹೊಸಬರು ಬಂದಿದ್ದಾರೆ. ಮಾವನ ಬಿ.ಪಿ. ನೋಡಿಸಲು ಹೋದಾಗ ನಂಬರ್ ಕೇಳಿದೆ. "ಪರ್ಸನಲ್ ನಂಬರ್ ಕೊಡಲ್ಲಮ್ಮ, ಡ್ಯೂಟಿ ಫೋನ್ ಇದೆ, ನಂಬರ್ ಹೊರಗೆ ಗೋಡೆ ಮೇಲಿದೆ" ಅಂದರು. ಅವರು ಹೇಳಿದ್ದು ಸರಿಯೇ, ಹಾಗೇ ಇರಬೇಕು. ಹೊರಗೆ ಬಂದು ನೋಡಿದೆ. ಗೋಡೆಗೆ ಪಾಚಿ ಹಿಡಿದು ಕೊನೆಯ ಎರಡು ಅಂಕಿ ಹೋಗಿದ್ದವು. ಮತ್ತೆ ಒಳಗೆ ಹೋಗಿ ಆ ಎರಡು ಅಂಕಿ ಕೇಳಿಕೊಂಡು, ಅಲ್ಲೇ ನಿಂತು ಡಯಲ್ ಮಾಡಿದೆ. ಒಳಗಿನ ಟೇಬಲ್ ಮೇಲೆ ರಿಂಗ್ ಆಯಿತು. ನಂಬರನ್ನು ನಮ್ಮ ಕೇರಿಯ ಗ್ರೂಪಿಗೆ ಹಾಕಿ, ಕೆಳಗೆ "ಹೆರಿಗೆ ಇಲ್ಲಿ, ಮೂತ್ರ ಕಟ್ಟಿದರೆ ಸೀದಾ ತಾಲ್ಲೂಕು ಆಸ್ಪತ್ರೆ" ಅಂತ ಬರೆದೆ. ಮಾವ ಅದನ್ನು ನೋಡಿ ಗ್ರೂಪಿನಿಂದ ಹೊರಗೆ ಹೋದರು.